ಶಾಲೆಯೆಂಬ ಹೆಸರು, ವಾರ್ಡಿನ ದುಡಿಮೆ

1860ರ ಬೇಸಿಗೆಯಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ 15 ಮಂದಿ ಹೆಂಗಸರು ನರ್ಸಿಂಗ್ ಕಲಿಯಲು ಬಂದು ಸೇರಿದರು. ಆಧುನಿಕ ನರ್ಸಿಂಗ್ ಹುಟ್ಟಿದ್ದೇ ಅಲ್ಲಿ ಎಂದು ಈ ವಿಷಯದ ಬಹುಪಾಲು ಪುಸ್ತಕಗಳು ಹೇಳುತ್ತವೆ. ಆ ಮಾತು ಪೂರ್ತಿ ನಿಜವಲ್ಲ. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡರ್ ಫ್ಲೀಡ್ನರ್ 1836ರಿಂದಲೇ ಶುಶ್ರೂಷೆಯ ತರಬೇತಿ ನಡೆಸುತ್ತಿದ್ದರು. ಸೇಂಟ್ ಥಾಮಸಿನ ಶಾಲೆಯ ಹಿಂದಿದ್ದ ಫ್ಲಾರೆನ್ಸ್ ನೈಟಿಂಗೇಲ್ ಸ್ವತಃ ಅಲ್ಲಿಗೆ ಹೋಗಿ ಕೆಲವು ತಿಂಗಳು ಕಲಿತು ಬಂದಿದ್ದರು. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಯಾವ ಧಾರ್ಮಿಕ ಸಂಘಕ್ಕೂ ಸೇರದ ಒಂದು ನರ್ಸಿಂಗ್ ಶಾಲೆ 1859ರಲ್ಲೇ ಬಾಗಿಲು ತೆರೆದಿತ್ತು. ಆದರೂ ಜಗತ್ತು ನಕಲು ಮಾಡಿದ್ದು ಸೇಂಟ್ ಥಾಮಸಿನ ಮಾದರಿಯನ್ನು. ಹಾಗಾಗಿ ಆ ಮಾದರಿಯಲ್ಲಿ ನಿಜವಾಗಿ ಏನಿತ್ತು ಎಂದು ನೋಡುವುದು ಮುಖ್ಯ. ನೋಡಿದರೆ ಅಚ್ಚರಿಯಾಗುತ್ತದೆ. ಪಾಠಕ್ಕೆಂದೇ ನೇಮಕಗೊಂಡ ಒಬ್ಬ ಅಧ್ಯಾಪಕಿಯೂ ಅಲ್ಲಿರಲಿಲ್ಲ. ಕಲಿಸಬೇಕಾದವರೆಲ್ಲ ಆಸ್ಪತ್ರೆಯ ಬೇರೆ ಬೇರೆ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವರು; ಕಲಿಯಬೇಕಾದವರು ಮೊದಲ ದಿನದಿಂದಲೇ ವಾರ್ಡಿನಲ್ಲಿ ಸಹಾಯಕ ನರ್ಸುಗಳಾಗಿ ದುಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ನರ್ಸಿಂಗ್ ಶಾಲೆಯನ್ನು ಶಾಲೆ ಎನ್ನುವುದಕ್ಕಿಂತ ಆಸ್ಪತ್ರೆ ತನಗೆ ಬೇಕಾದ ಕೈಗಳನ್ನು ಹೊಂದಿಸಿಕೊಂಡ ಏರ್ಪಾಡು ಎನ್ನುವುದೇ ಹೆಚ್ಚು ಸರಿ. ಆ ವೃತ್ತಿಗೆ ಬಂದ ಗೌರವ, ಅದಕ್ಕೆ ಅಂಟಿಕೊಂಡ ದೌರ್ಬಲ್ಯ, ಎರಡಕ್ಕೂ ಮೂಲ ಆ ಏರ್ಪಾಡಿನಲ್ಲೇ ಇದೆ.

ಹಣದ ಲೆಕ್ಕದಿಂದಲೇ ಶುರುಮಾಡೋಣ. ಕ್ರಿಮಿಯಾ ಯುದ್ಧದಲ್ಲಿ ನೈಟಿಂಗೇಲ್ ಮಾಡಿದ ಕೆಲಸಕ್ಕೆ ಕೃತಜ್ಞತೆಯಾಗಿ ಬ್ರಿಟನ್ನಿನ ಜನ 1855ರಿಂದ ಚಂದಾ ಎತ್ತಿದರು. ಸೈನಿಕರು ತಮ್ಮ ಒಂದು ದಿನದ ಸಂಬಳ ಕೊಟ್ಟರು. ಒಟ್ಟು 44,000 ಪೌಂಡಿಗೂ ಮೀರಿ ಸೇರಿತು. ನೈಟಿಂಗೇಲ್ ನಿಧಿ ಎಂಬ ಹೆಸರಿನ ಈ ದುಡ್ಡಿನಿಂದ ಹೊಸ ಶಾಲೆಯನ್ನು ಕಟ್ಟಲಿಲ್ಲ. ಇದ್ದ ಆಸ್ಪತ್ರೆಯೊಂದಿಗೆ ಒಂದು ಕರಾರು ಮಾಡಿಕೊಂಡರು. ಪ್ರೊಬೇಷನರ್ ಎಂದು ಕರೆಯಲ್ಪಟ್ಟ ಕಲಿಯುವವರ ಊಟ, ವಸತಿ, ಬಟ್ಟೆ ಮತ್ತು ವರ್ಷಕ್ಕೆ 10 ಪೌಂಡ್ ಕೈಖರ್ಚನ್ನು ನಿಧಿ ಭರಿಸುವುದು. ಆಸ್ಪತ್ರೆ ಅವರನ್ನು ವಾರ್ಡುಗಳಿಗೆ ಹಾಕಿಕೊಂಡು ಕೆಲಸ ಕಲಿಸುವುದು. ತರಬೇತಿ ಒಂದೇ ವರ್ಷ. ಅದಾದ ಮೇಲೆ ಮೂರು ವರ್ಷ ನಿಧಿಯವರು ಹೇಳಿದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಷರತ್ತು. ಆಸ್ಪತ್ರೆಯ ಆಡಳಿತ ಮಂಡಳಿಗೆ ಇದಕ್ಕಿಂತ ಲಾಭದ ವ್ಯವಹಾರ ಬೇರೊಂದು ಸಿಗುವಂತಿರಲಿಲ್ಲ. ಬೇರೆಯವರ ಖರ್ಚಿನಲ್ಲಿ ಆರೋಗ್ಯವಂತ, ಶಿಸ್ತಿನ, ಓದುಬರಹ ಬಲ್ಲ ಹೆಂಗಸರು ಹಾಸಿಗೆ ಬದಲಿಸಲು, ಗಾಯ ಕಟ್ಟಲು, ರಾತ್ರಿ ಕಾವಲಿರಲು ದೊರೆತರು. ಹಾಗಿದ್ದರೂ ಅದೇ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯ ಜಾನ್ ಫ್ಲಿಂಟ್ ಸೌತ್ ಈ ಯೋಜನೆಯನ್ನು ವಿರೋಧಿಸಿದ್ದರು. ನರ್ಸುಗಳು ಮನೆಗೆಲಸದವರಿದ್ದಂತೆ, ಪಟ್ಟು ಹಾಕುವುದು ಗೊತ್ತಿದ್ದರೆ ಸಾಕು, ಅದಕ್ಕೆ ಶಾಲೆ ಯಾಕೆ ಎಂಬುದು ಅವರ ವಾದದ ಸಾರ. ಇವತ್ತು ಓದಿದರೆ ಸಿಟ್ಟು ಬರುತ್ತದೆ. ಆದರೆ ಕರಾರಿನಲ್ಲಿ ಪ್ರೊಬೇಷನರ್‌ಗಳಿಗಿದ್ದ ಜಾಗವನ್ನು ನೋಡಿದರೆ, ಸೌತ್ ಅವರ ದೃಷ್ಟಿ ಸೋತು ಹೋಗಿತ್ತು ಎಂದು ಧೈರ್ಯವಾಗಿ ಹೇಳುವುದು ಕಷ್ಟ.

ಇನ್ನು ಕಲಿಸಿದವರ ವಿಚಾರ. ನೈಟಿಂಗೇಲ್ ಆ ಶಾಲೆಯನ್ನು ಒಂದು ದಿನವೂ ನಡೆಸಲಿಲ್ಲ. ಕಾಯಿಲೆಯಿಂದ ಮನೆ ಹಿಡಿದಿದ್ದ ಅವರು ಕಾಗದ ಬರೆದು ಸಲಹೆ ಕೊಡುತ್ತಿದ್ದರು. ನಡೆಸಿದ್ದು ಮೇಟ್ರನ್ ಸಾರಾ ವಾರ್ಡ್ರೋಪರ್. ವೈದ್ಯರೊಬ್ಬರ ವಿಧವೆ, ಮಕ್ಕಳ ತಾಯಿ, ನಲವತ್ತು ದಾಟಿದ ಮೇಲೆ 1854ರಲ್ಲಿ ಕೆಲಸಕ್ಕೆ ಸೇರಿದವರು. ಅವರಿಗೆ ನರ್ಸಿಂಗ್ ತರಬೇತಿ ಇರಲಿಲ್ಲ, ಮೇಟ್ರನ್ ಹುದ್ದೆ ಅದನ್ನು ಬೇಡುತ್ತಲೂ ಇರಲಿಲ್ಲ. ಅದು ಆಸ್ಪತ್ರೆಯೆಂಬ ದೊಡ್ಡ ಮನೆಯ ಯಜಮಾನಿಕೆ: ಬಟ್ಟೆ, ಅಡುಗೆ, ಆಳುಕಾಳು, ಉಗ್ರಾಣ. ವಾರ್ಡ್ರೋಪರ್ ಅದನ್ನು ಅದ್ಭುತವಾಗಿ ನಿಭಾಯಿಸಿ 1887ರವರೆಗೂ ಇದ್ದರು. ಉಪನ್ಯಾಸ ಕೊಡಬೇಕಾಗಿದ್ದವರು ಆಸ್ಪತ್ರೆಯಲ್ಲೇ ವಾಸವಿದ್ದ ವೈದ್ಯಾಧಿಕಾರಿ ರಿಚರ್ಡ್ ವಿಟ್‌ಫೀಲ್ಡ್. ದಿನನಿತ್ಯದ ಕಲಿಕೆ ವಾರ್ಡ್ ಸಿಸ್ಟರ್‌ಗಳ ಪಾಲಿಗೆ ಬಿತ್ತು. ಈ ಸಿಸ್ಟರ್‌ಗಳು ವರ್ಷಗಟ್ಟಲೆ ಅನುಭವದಿಂದ ಮೇಲೆ ಬಂದವರು, ಕೈ ಪಳಗಿದವರು. ಆದರೆ ತಾವು ಮಾಡುತ್ತಿದ್ದುದನ್ನು ಏಕೆ ಮಾಡುತ್ತೇವೆ ಎಂದು ವಿವರಿಸುವ ಅಭ್ಯಾಸವಾಗಲಿ ಪುರುಸೊತ್ತಾಗಲಿ ಅವರಿಗಿರಲಿಲ್ಲ. ರೋಗಿ ನರಳುತ್ತಿರುವಾಗ, ಡಾಕ್ಟರ ರೌಂಡ್ಸ್ ಹೊತ್ತಾಗುತ್ತಿರುವಾಗ ಪಾಠವನ್ನು ಮುಂದಕ್ಕೆ ಹಾಕಲೇಬೇಕು. ವಾರ್ಡಿನಲ್ಲಿ ಆ ಹೊತ್ತು ಮುಗಿಯುವುದೇ ಇಲ್ಲ.

ಪ್ರತಿಯೊಬ್ಬ ಪ್ರೊಬೇಷನರ್ ಬಗ್ಗೆಯೂ ತಿಂಗಳಿಗೊಮ್ಮೆ ಮೇಟ್ರನ್ ಒಂದು ಹಾಳೆ ತುಂಬಬೇಕಿತ್ತು. ಅದರಲ್ಲಿ ಒಂದು ಕಡೆ ಸ್ವಭಾವ: ಸಮಯಪಾಲನೆ, ಶಾಂತತೆ, ನಂಬಿಕೆಗೆ ಅರ್ಹತೆ, ಅಚ್ಚುಕಟ್ಟು. ಇನ್ನೊಂದು ಕಡೆ ಕೆಲಸ: ಗಾಯಕ್ಕೆ ಡ್ರೆಸ್ಸಿಂಗ್, ಜಿಗಣೆ ಹಚ್ಚುವುದು, ಎನಿಮಾ ಕೊಡುವುದು, ಪಟ್ಟಿ ಸುತ್ತುವುದು, ಹಾಸಿಗೆ ಹಾಸುವುದು, ರೋಗಿಗೆ ಅಡುಗೆ, ರೋಗಿಯನ್ನು ಗಮನಿಸುವುದು. ಒಂದೊಂದಕ್ಕೂ ಉತ್ತಮ, ಒಳ್ಳೆಯದು, ಸಾಧಾರಣ, ಅಪೂರ್ಣ, ಸೊನ್ನೆ ಎಂಬ ದರ್ಜೆ. ಕಾಗದದ ಮೇಲೆ ಇದಕ್ಕಿಂತ ಕಟ್ಟುನಿಟ್ಟಾದ ಶಾಲೆ ಇಲ್ಲ. ಆದರೆ 1870ರ ದಶಕದ ಆರಂಭದಲ್ಲಿ ನೈಟಿಂಗೇಲ್ ತಾವೇ ವಿಚಾರಿಸತೊಡಗಿದಾಗ ಬಯಲಾದದ್ದು ಬೇರೆಯದೇ ಚಿತ್ರ. ವಿಟ್‌ಫೀಲ್ಡ್ ಪಾಠಗಳನ್ನು ಸರಿಯಾಗಿ ಮಾಡುತ್ತಲೇ ಇರಲಿಲ್ಲ. ಪ್ರೊಬೇಷನರ್‌ಗಳು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದುದು ಕಲಿಕೆಯ ಕ್ರಮಕ್ಕೆ ತಕ್ಕಂತೆ ಅಲ್ಲ, ಎಲ್ಲಿ ಆಳು ಕಡಿಮೆಯೋ ಅಲ್ಲಿಗೆ. ಹಲವರು ಕಾಯಿಲೆ ಬಿದ್ದು ಮಧ್ಯದಲ್ಲೇ ಬಿಟ್ಟು ಹೋಗಿದ್ದರು. ಶಾಲೆ ತೆರೆದು ಹತ್ತು ವರ್ಷವಾದ ಮೇಲೆ ಅದರ ಹೆಸರಿಗೆ ಕಾರಣರಾದವರಿಗೇ ಅದು ಶಾಲೆಯಾಗಿಲ್ಲ ಎಂದು ಗೊತ್ತಾಯಿತು. ವಿಟ್‌ಫೀಲ್ಡ್ ಜಾಗಕ್ಕೆ ಶಸ್ತ್ರವೈದ್ಯ ಜಾನ್ ಕ್ರಾಫ್ಟ್ ಬಂದು ಕ್ರಮವಾಗಿ ಉಪನ್ಯಾಸ ಕೊಡತೊಡಗಿದರು. ಪ್ರೊಬೇಷನರ್‌ಗಳ ವಸತಿಯಲ್ಲೇ ಇದ್ದು ಅವರ ಓದನ್ನೂ ನಡತೆಯನ್ನೂ ನೋಡಿಕೊಳ್ಳಲು ಹೋಮ್ ಸಿಸ್ಟರ್ ಎಂಬ ಹುದ್ದೆ ಬಂತು. 1875ರಿಂದ ಎರಡು ದಶಕ ಆ ಹುದ್ದೆಯಲ್ಲಿದ್ದ ಮೇರಿ ಕ್ರಾಸ್‌ಲೆಂಡ್ ಅವರನ್ನು ಆ ಶಾಲೆಯ ಮೊದಲ ನಿಜವಾದ ಗುರು ಎಂದು ಕರೆದರೆ ನನ್ನ ದೃಷ್ಟಿಯಲ್ಲಿ ತಪ್ಪಾಗಲಾರದು. ಇದೇ ಕಾಲಕ್ಕೆ ಪ್ರೊಬೇಷನರ್‌ಗಳಲ್ಲಿ ಎರಡು ಪಂಗಡಗಳೂ ಗಟ್ಟಿಯಾದವು. ಸಾಮಾನ್ಯರಿಗೆ ಸಂಬಳ; ಉಳ್ಳವರ ಮನೆಯ ಸ್ಪೆಷಲ್‌ಗಳು ತಮ್ಮ ಊಟ ವಸತಿಗೆ 30 ಪೌಂಡ್ ತಾವೇ ಕಟ್ಟುವವರು. ಮುಂದೆ ಬೇರೆ ಆಸ್ಪತ್ರೆಗಳಿಗೆ ಮೇಟ್ರನ್‌ಗಳಾಗಿ ಹೋಗುತ್ತಿದ್ದವರು ಹೆಚ್ಚಾಗಿ ಈ ಎರಡನೆಯ ಪಂಗಡದವರು. ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಕಲಿತವರಲ್ಲಿ ಯಾರು ಆಳಬೇಕು, ಯಾರು ದುಡಿಯಬೇಕು ಎನ್ನುವುದು ಸೇರುವಾಗಲೇ ತೀರ್ಮಾನವಾಗಿರುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ನರ್ಸಿಂಗ್ ಕೈಯ ವಿದ್ಯೆ. ರೋಗಿಯ ಪಕ್ಕದಲ್ಲಿ ನಿಂತು ಕಲಿಯದೆ ಪುಸ್ತಕದಿಂದ ಕಲಿಯಲಾಗುತ್ತದೆಯೇ? ಈಜು ಕಲಿಯುವವರು ನೀರಿಗಿಳಿಯಲೇಬೇಕಲ್ಲ. ಮಾತು ಸರಿ, ಆದರೆ ಅದು ಇಲ್ಲಿರುವ ಪ್ರಶ್ನೆಗೆ ಉತ್ತರವಲ್ಲ. ವೈದ್ಯ ವಿದ್ಯಾರ್ಥಿಗಳೂ ಅದೇ ವಾರ್ಡುಗಳಲ್ಲಿ, ಅದೇ ರೋಗಿಗಳ ಪಕ್ಕದಲ್ಲಿ ಕಲಿಯುತ್ತಿದ್ದರು. ಆದರೆ ಅವರು ಒಂದು ದಿನ ಬರದಿದ್ದರೆ ವಾರ್ಡ್ ನಿಲ್ಲುತ್ತಿರಲಿಲ್ಲ. ಪ್ರೊಬೇಷನರ್ ಬರದಿದ್ದರೆ ನಿಲ್ಲುತ್ತಿತ್ತು. ಕಲಿಕೆ ವಾರ್ಡಿನಲ್ಲಿ ಆಗುತ್ತದೆಯೇ ಎಂಬುದಲ್ಲ, ಆ ವಾರ್ಡಿನಲ್ಲಿ ಇವತ್ತು ಏನು ಮಾಡಬೇಕೆಂದು ತೀರ್ಮಾನಿಸುವುದು ಕಲಿಯುವವಳ ಅಗತ್ಯವೋ ಆಸ್ಪತ್ರೆಯ ಅಗತ್ಯವೋ ಎಂಬುದೇ ಪ್ರಶ್ನೆ. ಅಮೆರಿಕದ ಮೊದಲ ತರಬೇತಾದ ನರ್ಸುಗಳಲ್ಲಿ ಹೆಸರಾದ ಲಿಂಡಾ ರಿಚರ್ಡ್ಸ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿಟ್ಟ ವಿವರಗಳು ಇದಕ್ಕೆ ಸಾಕ್ಷಿ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ 1872ರಲ್ಲಿ ಸೇರಿದ ಅವರು ಬೆಳಗ್ಗೆ ಐದೂವರೆಗೆ ಎದ್ದು ರಾತ್ರಿ ಒಂಬತ್ತರವರೆಗೆ ವಾರ್ಡಿನಲ್ಲಿರುತ್ತಿದ್ದರು. ಮಲಗುತ್ತಿದ್ದುದು ವಾರ್ಡುಗಳ ನಡುವಿನ ಸಣ್ಣ ಕೋಣೆಗಳಲ್ಲಿ, ರಾತ್ರಿ ರೋಗಿ ಕರೆದರೆ ಏಳಬೇಕು. ಬಿಡುವು ಎಂದರೆ ಎರಡು ವಾರಕ್ಕೊಮ್ಮೆ ಒಂದು ಮಧ್ಯಾಹ್ನ, ಎರಡರಿಂದ ಐದರವರೆಗೆ. ಪಠ್ಯಪುಸ್ತಕ ಇರಲಿಲ್ಲ. ಇದೆಲ್ಲಕ್ಕಿಂತ ಹೆಚ್ಚು ಹೇಳುವ ವಿವರ ಇನ್ನೊಂದಿದೆ: ಔಷಧಿಯ ಬಾಟಲಿಗಳ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ನಂಬರು. ಏನು ಕುಡಿಸುತ್ತಿದ್ದೇನೆ ಎಂದು ನರ್ಸಿಗೆ ತಿಳಿಯಬೇಕಾಗಿಲ್ಲ. ಈ ಆಸ್ಪತ್ರೆಯನ್ನು ಕಟ್ಟಿ ನಡೆಸುತ್ತಿದ್ದವರು ಮಹಿಳಾ ವೈದ್ಯರು, ವಿದ್ಯೆಗಾಗಿ ತಾವೇ ಹೋರಾಡಿದವರು ಎಂಬುದನ್ನು ಮರೆಯಬಾರದು. ದುಡಿಮೆಯೇ ಮುಖ್ಯವಾದ ಕಡೆ ತಿಳಿವಳಿಕೆಯನ್ನು ಅಳೆದು ಕೊಡುವುದು ಒಳ್ಳೆಯವರಿಗೂ ಸಹಜವೆನಿಸುತ್ತದೆ.

ಅಮೆರಿಕದಲ್ಲಿ ಈ ಮಾದರಿ ಕಾಳ್ಗಿಚ್ಚಿನಂತೆ ಹಬ್ಬಿತು. 1873ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ, ನ್ಯೂ ಹೇವನ್, ಬಾಸ್ಟನ್, ಈ ಮೂರು ಕಡೆ ನೈಟಿಂಗೇಲ್ ಮಾದರಿಯ ಶಾಲೆಗಳು ಶುರುವಾದವು. 1880ರಲ್ಲಿ ದೇಶದಲ್ಲಿದ್ದದ್ದು 15 ಶಾಲೆಗಳು. 1900ರಲ್ಲಿ 430ಕ್ಕೂ ಹೆಚ್ಚು. 1920ರ ದಶಕದ ನಡುವಿನ ಹೊತ್ತಿಗೆ 2,000 ದಾಟಿತ್ತು. ಅಮೆರಿಕನ್ನರಿಗೆ ಏಕಾಏಕಿ ಸ್ತ್ರೀಶಿಕ್ಷಣದ ಮೇಲೆ ಪ್ರೀತಿ ಉಕ್ಕಿತು ಎಂದು ಇದನ್ನು ಓದುವಂತಿಲ್ಲ. ಶಸ್ತ್ರಚಿಕಿತ್ಸೆ ಬೆಳೆದಂತೆ ಊರೂರಿಗೂ ಆಸ್ಪತ್ರೆ ಬಂತು. ಆಸ್ಪತ್ರೆಗೆ ಹಗಲೂ ರಾತ್ರಿ ಕೈಗಳು ಬೇಕು. ಆ ಕೈಗಳನ್ನು ಅಗ್ಗವಾಗಿ ಪಡೆಯುವ ದಾರಿ ಶಾಲೆ ತೆರೆಯುವುದು. ಕೆಲವೇ ಹಾಸಿಗೆಗಳ ಆಸ್ಪತ್ರೆಗಳೂ ಶಾಲೆಯ ಬೋರ್ಡು ಹಾಕಿಕೊಂಡವು. ಕಲಿತು ಮುಗಿಸಿದವಳಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ ಇರುತ್ತಿರಲಿಲ್ಲ, ಏಕೆಂದರೆ ಅವಳ ಜಾಗಕ್ಕೆ ಮುಂದಿನ ತಂಡದ ವಿದ್ಯಾರ್ಥಿನಿ ಬಂದಿರುತ್ತಿದ್ದಳು. ಅವಳು ಶ್ರೀಮಂತರ ಮನೆಗಳಲ್ಲಿ ಖಾಸಗಿ ನರ್ಸಾಗಿ, ಒಂದು ಕೇಸ್ ಮುಗಿದರೆ ಇನ್ನೊಂದಕ್ಕೆ ಕಾಯುತ್ತ, ಬದುಕು ಸಾಗಿಸಬೇಕಿತ್ತು. ಪೂರ್ತಿ ಕಲಿತವಳು ಆಸ್ಪತ್ರೆಯಿಂದ ಹೊರಗೆ, ಕಲಿಯುತ್ತಿರುವವಳು ರೋಗಿಯ ಪಕ್ಕದಲ್ಲಿ. ಇಂಥ ತಲೆಕೆಳಗಾದ ವ್ಯವಸ್ಥೆ ಅರ್ಧ ಶತಮಾನ ಸಾಮಾನ್ಯವೆಂಬಂತೆ ನಡೆಯಿತು.

ಲಂಡನ್ನಿನಲ್ಲಿ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದರು. ಬಡವರ ಈಸ್ಟ್ ಎಂಡ್‌ನಲ್ಲಿದ್ದ ಲಂಡನ್ ಆಸ್ಪತ್ರೆಗೆ ಈವಾ ಲಕಸ್ 1880ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮೇಟ್ರನ್ ಆದರು. ಸಮರ್ಥೆ, 1919ರವರೆಗೂ ಆ ಕುರ್ಚಿಯಲ್ಲಿದ್ದರು. ಅವರ ಆಸ್ಪತ್ರೆಯಲ್ಲಿ ಎರಡು ವರ್ಷದ ತರಬೇತಿ ಇನ್ನೂ ಮುಗಿಯದವರನ್ನು ಖಾಸಗಿ ಮನೆಗಳಿಗೆ ನರ್ಸುಗಳಾಗಿ ಕಳಿಸಿ, ಅದರ ಶುಲ್ಕವನ್ನು ಆಸ್ಪತ್ರೆ ತೆಗೆದುಕೊಳ್ಳುತ್ತದೆ ಎಂಬ ದೂರು 1890ರಲ್ಲಿ ಲಂಡನ್ ಆಸ್ಪತ್ರೆಗಳ ಬಗ್ಗೆ ವಿಚಾರಣೆ ನಡೆಸಿದ ಹೌಸ್ ಆಫ್ ಲಾರ್ಡ್ಸ್ ಸಮಿತಿಯ ಮುಂದೆ ಬಂತು. ದುಡಿಮೆಯ ಹೊತ್ತು, ಊಟದ ಗುಣಮಟ್ಟ, ಮೇಟ್ರನ್ ಮನಸ್ಸಿಗೆ ಬಂದಂತೆ ಕೆಲಸದಿಂದ ತೆಗೆಯುವುದು, ಎಲ್ಲವೂ ಅಲ್ಲಿ ಚರ್ಚೆಯಾದವು. ಲಕಸ್ ಅವರ ಪರ ಮಾತಾಡಿದವರೂ ಇದ್ದರು; ಸ್ವತಃ ಲಕಸ್ ನೈಟಿಂಗೇಲ್ ಅವರಿಗೆ ಆಪ್ತರೇ ಆಗಿದ್ದರು. ಅವರು ಕೆಟ್ಟವರೆಂದು ಹೇಳಲು ಈ ಪ್ರಸಂಗ ತಂದಿಲ್ಲ. ಚಂದಾ ಹಣದಿಂದ ನಡೆಯುವ ಆಸ್ಪತ್ರೆ ಖರ್ಚು ತೂಗಿಸಲಾರದೆ ಇರುವಾಗ ಮೇಟ್ರನ್ ಕೈಯಲ್ಲಿದ್ದ ಆಸ್ತಿ ಎಂದರೆ ಪ್ರೊಬೇಷನರ್‌ಗಳೇ.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ತೂಕದ್ದು. ದುಡಿಮೆಗೆ ಬದಲಾಗಿ ವಿದ್ಯೆ ಎಂಬ ಈ ಕರಾರು ಇಲ್ಲದಿದ್ದರೆ ಬಡ ಹೆಣ್ಣುಮಕ್ಕಳು ಒಂದು ವೃತ್ತಿ ಕಲಿಯುವುದು ಸಾಧ್ಯವಿತ್ತೇ? ಫೀಸು ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಸರ್ಕಾರ ಹೆಂಗಸರ ವೃತ್ತಿಶಿಕ್ಷಣಕ್ಕೆ ಬೊಕ್ಕಸ ಬಿಚ್ಚುವ ಕಾಲವೂ ಅದಲ್ಲ. ಮೇರಿ ಎಲೈಜಾ ಮಹೋನಿ ಅವರನ್ನೇ ನೋಡಿ. ಬಾಸ್ಟನ್ನಿನ ಅದೇ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ ಅಡುಗೆ, ಬಟ್ಟೆ ಒಗೆಯುವುದು ಮಾಡಿಕೊಂಡು ವರ್ಷಗಳ ಕಾಲ ಇದ್ದ ಆಫ್ರಿಕನ್ ಅಮೆರಿಕನ್ ಹೆಣ್ಣುಮಗಳು, 1878ರಲ್ಲಿ ಅಲ್ಲಿನ ಶಾಲೆಗೆ ಸೇರಿ 16 ತಿಂಗಳಲ್ಲಿ ಮುಗಿಸಿ, ಅಮೆರಿಕದಲ್ಲಿ ತರಬೇತಿ ಪಡೆದ ಮೊದಲ ಕಪ್ಪು ನರ್ಸ್ ಎನಿಸಿಕೊಂಡರು. ಅವರ ಜೊತೆ ಸೇರಿದ ನಲವತ್ತರಷ್ಟು ಮಂದಿಯಲ್ಲಿ ಕೊನೆಯವರೆಗೆ ಉಳಿದವರು ನಾಲ್ವರು. ಈ ಆಕ್ಷೇಪದ ಮುಂದೆ ನಾನು ಅರ್ಧ ತಲೆಬಾಗುತ್ತೇನೆ: ಕರಾರು ಬಾಗಿಲು ತೆರೆದದ್ದು ನಿಜ. ಆದರೆ ನಲವತ್ತರಲ್ಲಿ ನಾಲ್ಕು ಎಂಬ ಲೆಕ್ಕವನ್ನೂ ಜೊತೆಗಿಟ್ಟು ಓದಬೇಕು. ಮಧ್ಯದಲ್ಲಿ ಬಿಟ್ಟವರೂ ತಿಂಗಳುಗಟ್ಟಲೆ ದುಡಿದಿದ್ದರು. ಅವರ ದುಡಿಮೆ ಆಸ್ಪತ್ರೆಗೆ ಸಂದಿತು, ಅವರ ಕೈಗೆ ಸರ್ಟಿಫಿಕೇಟ್ ಬರಲಿಲ್ಲ. ಯಾರು ಬಿಟ್ಟುಹೋದರೂ ನಷ್ಟವಾಗದಂತೆ ಇರುವ ಶಾಲೆಗೆ ಯಾರನ್ನಾದರೂ ಉಳಿಸಿಕೊಳ್ಳುವ ಅವಸರ ಏನಿದ್ದೀತು?

ಇಂದಿನ ಕಣ್ಣಿನಿಂದ ಅಂದಿನವರನ್ನು ಅಳೆಯಬಾರದು ಎನ್ನುವವರೂ ಇದ್ದಾರೆ. ಆದರೆ ಅಳತೆಗೋಲು ಇಂದಿನದಲ್ಲ. ಆ ವ್ಯವಸ್ಥೆಯ ಒಳಗಿದ್ದವರೇ ಆ ಅಳತೆಗೋಲನ್ನು ಹಿಡಿದು ನಿಂತಿದ್ದರು. ಸೇಂಟ್ ಥಾಮಸಿನಲ್ಲೇ 1860ರ ದಶಕದಲ್ಲಿ ಕಲಿತ ರೆಬೆಕಾ ಸ್ಟ್ರಾಂಗ್ ಮುಂದೆ ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯ ಮೇಟ್ರನ್ ಆಗಿ, ಶಸ್ತ್ರವೈದ್ಯ ವಿಲಿಯಂ ಮಕ್ಯುವನ್ ಅವರ ಬೆಂಬಲದಿಂದ 1893ರಲ್ಲಿ ಹೊಸ ಕ್ರಮ ತಂದರು: ವಾರ್ಡಿಗೆ ಕಾಲಿಡುವ ಮೊದಲು ದೇಹರಚನೆ, ಶರೀರಕ್ರಿಯೆ, ಆರೋಗ್ಯಶಾಸ್ತ್ರದ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು. ಅದೇ ವರ್ಷ ಶಿಕಾಗೋದ ವಿಶ್ವಮೇಳದಲ್ಲಿ ಜಾನ್ಸ್ ಹಾಪ್ಕಿನ್ಸ್ ಶಾಲೆಯ ಮುಖ್ಯಸ್ಥೆ ಇಸಬೆಲ್ ಹ್ಯಾಂಪ್ಟನ್, ತರಬೇತಿ ಮೂರು ವರ್ಷಕ್ಕೆ ಏರಲಿ, ದಿನದ ದುಡಿಮೆ ಎಂಟು ಗಂಟೆಗೆ ಇಳಿಯಲಿ ಎಂದು ವಾದಿಸಿದರು. ಆಸ್ಪತ್ರೆಗಳು ಮೂರು ವರ್ಷದ ಮಾತನ್ನು ಬೇಗ ಕೇಳಿಸಿಕೊಂಡವು, ಎಂಟು ಗಂಟೆಯ ಮಾತು ಬಹುಪಾಲು ಕಡೆ ಕೇಳಿಸಲೇ ಇಲ್ಲ. ಮೂರನೆಯ ವರ್ಷ ಎಂದರೆ ಪಳಗಿದ ಕೈ ಇನ್ನೊಂದು ವರ್ಷ ಅಗ್ಗಕ್ಕೆ ಸಿಕ್ಕಂತೆ. ಅವರ ನಂತರ ಬಂದ ಅಡಲೇಡ್ ನಟಿಂಗ್ ಶಾಲೆಶಾಲೆಗಳಿಂದ ದುಡಿಮೆಯ ಗಂಟೆಗಳ ಅಂಕಿಅಂಶ ತರಿಸಿ ಜನರ ಮುಂದಿಟ್ಟರು. 1907ರಲ್ಲಿ ಕೊಲಂಬಿಯಾದ ಟೀಚರ್ಸ್ ಕಾಲೇಜಿಗೆ ಹೋಗಿ ಜಗತ್ತಿನ ಮೊದಲ ನರ್ಸಿಂಗ್ ಪ್ರೊಫೆಸರ್ ಆದರು. ಬ್ರಿಟನ್ನಿನಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಎಲ್ಲ ಆಸ್ಪತ್ರೆಗಳಿಗೂ ಒಂದೇ ಪರೀಕ್ಷೆ, ಕಾನೂನಿನ ನೋಂದಣಿ ಬೇಕೆಂದು ಮೂರು ದಶಕ ಹೋರಾಡಿ 1919ರಲ್ಲಿ ಕಾಯಿದೆ ಆಗುವವರೆಗೆ ಬಿಡಲಿಲ್ಲ. ಈ ಹೋರಾಟಕ್ಕೆ ಎದುರು ನಿಂತವರಲ್ಲಿ ನೈಟಿಂಗೇಲ್ ಮೊದಲಿಗರು. ಪರೀಕ್ಷೆ ತಿಳಿವಳಿಕೆಯನ್ನು ಅಳೆದೀತು, ನಡತೆಯನ್ನಲ್ಲ. ನಡತೆಯನ್ನು ಬಲ್ಲವರು ನರ್ಸಿನೊಂದಿಗೆ ಬದುಕಿದ ಮೇಟ್ರನ್ ಮಾತ್ರ ಎಂಬುದು ಅವರ ನಿಲುವು. ಅದರಲ್ಲಿ ಹುರುಳಿದೆ. ಆದರೆ ಅದರ ಪರಿಣಾಮ ಏನಾಯಿತೆಂದರೆ, ಪಾಠ ಹೇಳುವವಳು, ಹಾಸ್ಟೆಲಿನ ವಾರ್ಡನ್, ಕೆಲಸ ಹಂಚುವ ಯಜಮಾನಿ, ಮುಂದೆ ಕೆಲಸ ಹುಡುಕುವಾಗ ಶಿಫಾರಸು ಬರೆಯುವವಳು ಎಲ್ಲವೂ ಒಬ್ಬಳೇ ಆದಳು. ಅವಳ ವಿರುದ್ಧ ದೂರಿದ್ದರೆ ಹೇಳಿಕೊಳ್ಳಲು ಹುಡುಗಿಗೆ ಬೇರೆ ಬಾಗಿಲೇ ಇರಲಿಲ್ಲ.

ಈ ಮೇಟ್ರನ್ ಅಧಿಕಾರದಲ್ಲೇ ಆ ಮಾದರಿಯ ದೊಡ್ಡ ಗೆಲುವೂ ಇದೆ ಎಂಬುದನ್ನು ಮುಚ್ಚಿಡಬಾರದು. ನರ್ಸುಗಳನ್ನು ನೇಮಿಸುವುದು, ತೆಗೆಯುವುದು, ಶಿಸ್ತಿಗೆ ತರುವುದು ಹೆಣ್ಣೊಬ್ಬಳ ಕೈಯಲ್ಲಿರಬೇಕು, ವೈದ್ಯರ ಅಥವಾ ಗುಮಾಸ್ತರ ಕೈಯಲ್ಲಲ್ಲ ಎಂದು ನೈಟಿಂಗೇಲ್ ಹಟ ಹಿಡಿದರು. ನೂರಾರು ಜನರ ಮೇಲೆ ಹೆಣ್ಣೊಬ್ಬಳು ಆಡಳಿತ ನಡೆಸುವ ಸಂಸ್ಥೆಗಳು ಆ ಕಾಲದಲ್ಲಿ ಎಷ್ಟಿದ್ದವು? ಸೇಂಟ್ ಥಾಮಸಿನಲ್ಲಿ ಕಲಿತ ಆಗ್ನೆಸ್ ಜೋನ್ಸ್ 1865ರಲ್ಲಿ ಹನ್ನೆರಡು ನರ್ಸುಗಳೊಂದಿಗೆ ಲಿವರ್‌ಪೂಲಿನ ವರ್ಕ್‌ಹೌಸ್ ಎಂಬ ಬಡವರ ಆಶ್ರಯದ ಆಸ್ಪತ್ರೆಗೆ ಹೋಗಿ, ಅಲ್ಲಿನ ನಿರ್ಗತಿಕ ರೋಗಿಗಳಿಗೆ ಮೊದಲ ಬಾರಿಗೆ ತರಬೇತಾದ ಶುಶ್ರೂಷೆ ಸಿಗುವಂತೆ ಮಾಡಿದರು. ಮೂರು ವರ್ಷಕ್ಕೆ ಟೈಫಸ್ ಜ್ವರ ಅವರನ್ನು ಕೊಂದಿತು. ಲೂಸಿ ಆಸ್‌ಬರ್ನ್ 1868ರಲ್ಲಿ ಐವರು ಸಂಗಾತಿಗಳೊಂದಿಗೆ ಸಿಡ್ನಿಗೆ ಹೋದರು. ಲಿಂಡಾ ರಿಚರ್ಡ್ಸ್ 1880ರ ದಶಕದಲ್ಲಿ ಜಪಾನಿನ ಕ್ಯೋಟೋದಲ್ಲಿ ಶಾಲೆ ನಡೆಸಿದರು. ಆಸ್ಪತ್ರೆಗೆ ಇವರ ದುಡಿಮೆ ಬೇಕಾಗಿತ್ತು ಎಂಬ ಒಂದೇ ಕಾರಣಕ್ಕೆ ಇವರಿಗೆ ಅಧಿಕಾರ ಸಿಕ್ಕಿತು.

ಕರಾರು ಮುರಿಯತೊಡಗಿದ್ದು ದುಡ್ಡಿನ ಕಾರಣಕ್ಕೇ. 1923ರಲ್ಲಿ ಅಮೆರಿಕದಲ್ಲಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಸಿದ್ಧಪಡಿಸಿದ ವರದಿ, ಆಸ್ಪತ್ರೆಯ ಸೇವೆ ಮತ್ತು ಶಾಲೆಯ ಪಾಠ ಎರಡನ್ನೂ ಒಂದೇ ಖಾತೆಯಲ್ಲಿ ಇಟ್ಟರೆ ಸೋಲುವುದು ಯಾವಾಗಲೂ ಪಾಠ ಎಂದು ತೋರಿಸಿತು. ಅದೇ ವರ್ಷ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ತನ್ನದೇ ಬಜೆಟ್ಟಿನ ನರ್ಸಿಂಗ್ ಶಾಲೆ ಶುರುವಾಯಿತು. ಉಳಿದ ಶಾಲೆಗಳನ್ನು ಬದಲಿಸಿದ್ದು ವರದಿಯಲ್ಲ, 1930ರ ದಶಕದ ಆರ್ಥಿಕ ಕುಸಿತ: ಕೆಲಸವಿಲ್ಲದ ತರಬೇತಾದ ನರ್ಸುಗಳು ಊಟ ವಸತಿಗಷ್ಟೇ ದುಡಿಯಲು ಸಿದ್ಧರಾದಾಗ ಸಣ್ಣ ಆಸ್ಪತ್ರೆಗಳಿಗೆ ಶಾಲೆ ನಡೆಸುವುದೇ ದುಬಾರಿ ಎನಿಸಿತು.

ಭಾರತಕ್ಕೆ ಈ ಮಾದರಿ ಸರ್ಕಾರಿ ಮತ್ತು ಮಿಷನ್ ಆಸ್ಪತ್ರೆಗಳ ಮೂಲಕ ಬಂತು. ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ಶುರುವಾದ ತರಬೇತಿಯನ್ನು ಸಾಮಾನ್ಯವಾಗಿ ಮೊದಲನೆಯದೆಂದು ಎಣಿಸುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಮಾರ್ಥಾಸ್, ಮೈಸೂರಿನ ಹೋಲ್ಡ್ಸ್‌ವರ್ತ್ ಮುಂತಾದ ಮಿಷನ್ ಆಸ್ಪತ್ರೆಗಳು ನರ್ಸುಗಳನ್ನು ತಯಾರು ಮಾಡಿದ್ದೂ ಇದೇ ಬಗೆಯಲ್ಲಿ: ಹಾಸ್ಟೆಲ್, ಡ್ಯೂಟಿ, ಚಿಕ್ಕ ಸ್ಟೈಪೆಂಡ್. ಆದರೆ ಇಲ್ಲಿ ಕರಾರಿನ ಫಲ ತೀರಾ ಕಡಿಮೆ. ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬರು. ಬ್ರಿಟನ್ನಿನಲ್ಲಿ 300 ಜನಕ್ಕೆ ಒಬ್ಬರಿದ್ದರು. ಪರರ ಮೈ ಮುಟ್ಟುವ, ರಾತ್ರಿ ಹೊರಗಿರುವ ಕೆಲಸಕ್ಕೆ ಮಗಳನ್ನು ಕಳಿಸಲು ಜಾತಿ ಮರ್ಯಾದೆಯ ಮನೆಗಳು ಒಪ್ಪಲಿಲ್ಲ; ಬಂದವರು ಹೆಚ್ಚಾಗಿ ಕ್ರೈಸ್ತರು, ಆಂಗ್ಲೋ ಇಂಡಿಯನ್ನರು. ಅದೇ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶುರುವಾದಾಗ, ನರ್ಸಾಗಲು ಬಂದವಳು ಮೊದಲು ವಿದ್ಯಾರ್ಥಿನಿ ಎಂಬ ಮಾತಿಗೆ ಇಲ್ಲಿ ಮೊದಲ ಸಲ ಒಂದು ಕಾಲೇಜಿನ ಆಸರೆ ಸಿಕ್ಕಿತು.

ಎಲ್ಲಿ ಶುರುವಾಯಿತೋ ಆ ಬ್ರಿಟನ್ನಿನಲ್ಲೇ ಕರಾರು ಬಹಳ ಕಾಲ ಉಳಿಯಿತು. 1980ರ ದಶಕದ ಕೊನೆಯವರೆಗೂ ಅಲ್ಲಿನ ನರ್ಸಿಂಗ್ ವಿದ್ಯಾರ್ಥಿಗಳು ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿದ್ದವರು, ವಾರ್ಡಿನ ಸಿಬ್ಬಂದಿಯ ಲೆಕ್ಕಕ್ಕೆ ಸೇರಿದವರು. ಪ್ರಾಜೆಕ್ಟ್ 2000 ಎಂಬ ಸುಧಾರಣೆ ಅವರನ್ನು ಆ ಲೆಕ್ಕದಿಂದ ಬಿಡಿಸಿ ಕಾಲೇಜಿಗೆ ಸೇರಿಸಿತು. ನೈಟಿಂಗೇಲ್ ಶಾಲೆ 1990ರ ದಶಕದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಭಾಗವಾಯಿತು. ಆದರೆ 2017ರಲ್ಲಿ ಇಂಗ್ಲೆಂಡ್ ನರ್ಸಿಂಗ್ ವಿದ್ಯಾರ್ಥಿವೇತನವನ್ನು ನಿಲ್ಲಿಸಿ ಫೀಸು ಸಾಲ ಮಾಡಿ ಕಟ್ಟಿ ಎಂದಿತು. ಮೂರು ವರ್ಷದ ನಂತರ 5,000 ಪೌಂಡಿನ ವಾರ್ಷಿಕ ನೆರವು ಮರಳಿತು, ಫೀಸು ಉಳಿಯಿತು. ಪದವಿಗೆ 2,300 ಗಂಟೆಯ ಪ್ರಾಯೋಗಿಕ ಕಲಿಕೆ ಕಡ್ಡಾಯವೆಂಬ ನಿಯಮವೂ ಆಗ ಹಾಗೇ ಉಳಿಯಿತು. 1870ರ ದಶಕದಲ್ಲಿ ದುಡ್ಡು ಕಟ್ಟಿ ದುಡಿಯುತ್ತಿದ್ದವರು ಉಳ್ಳವರ ಮನೆಯ ಕೆಲವೇ ಸ್ಪೆಷಲ್‌ಗಳು, ಅದಕ್ಕೆ ಪ್ರತಿಯಾಗಿ ಅವರಿಗೆ ಮೇಟ್ರನ್ ಹುದ್ದೆ ಕಾದಿರುತ್ತಿತ್ತು. ಈಗ ಎಲ್ಲರೂ ಕಟ್ಟುತ್ತಾರೆ, ಮೇಟ್ರನ್ ಹುದ್ದೆಗಳೇನೂ ಆ ಲೆಕ್ಕದಲ್ಲಿ ಹೆಚ್ಚಿಲ್ಲ.